ನಾನು ಮರೆಮಾಡಿದ ಮಿಂಚು

ಬೆಹಾಲಾ, ಕಲ್ಕತ್ತಾ
12-5-2004

ಅತ್ತಿಗೆಯವರಿಗೆ ನಾಗವೇಣಿಯ ನಮಸ್ಕಾರ. ದೇವರ ದಯದಿಂದ ಇಬ್ಬರೂ ಆರೋಗ್ಯ. ನನ್ನ ಮಂಡಿನೋವಿಗೆ ನೀವು ಕಳಿಸಿದ ಎಣ್ಣೆ ಹಿಡಿಸಿದೆ.

ಬರೆದದ್ದು ಬೇರೆ ವಿಷಯಕ್ಕೆ. ಬೇಸಿಗೆಯಲ್ಲಿ ಇಲ್ಲಿ ಸಂಜೆಯಾದರೆ ಗಾಳಿ, ಗುಡುಗು. ನಿಮ್ಮ ತಮ್ಮ ಮೂರು ವರ್ಷದಿಂದ ಬಾಲ್ಕನಿಯಲ್ಲಿ ಕ್ಯಾಮೆರಾ ನಿಲ್ಲಿಸಿ ಒಂದು ಒಳ್ಳೇ ಮಿಂಚಿಗೆ ಕಾಯುತ್ತಿದ್ದರು. ಆಫೀಸಿಗೆ ಕಂಪ್ಯೂಟರ್ ಬಂದು ಕೆಲಸ ಬೇಸರವಾದ ಮೇಲೆ ಅವರಿಗೆ ಉಳಿದಿದ್ದ ಖುಷಿ ಇದೊಂದೇ. ಕ್ಯಾಮೆರಾದ ಕಣ್ಣು ತೆರೆದಿಟ್ಟಾಗ ಯಾರೂ ಅಡ್ಡ ಬರಬಾರದಂತೆ.

ಹೋದ ತಿಂಗಳು ಒಂದು ಮುಸ್ಸಂಜೆ, "ದೀಪ ಸ್ವಲ್ಪ ತಡೆದು ಇಡೇ" ಅಂದರು. "ನಿಮ್ಮ ಮಿಂಚಿಗೋಸ್ಕರ ತುಳಸಮ್ಮ ಕಾಯಬೇಕಾ?" ಅಂದು ಸೆರಗಿನ ಮರೆಯಲ್ಲಿ ದೀಪ ಹಿಡಿದು ಬಾಲ್ಕನಿಯ ತುಳಸಿ ಕುಂಡದ ಹತ್ತಿರ ಹೋಗೇಬಿಟ್ಟೆ. ಆಗಲೇ ಆಕಾಶದ ತುಂಬಾ ಬೇರು ಬಿಟ್ಟ ಹಾಗೆ ಮಿಂಚಿತು. ಹೆದರಿ, ಅರ್ಜುನ, ಫಲ್ಗುಣ ಅಂತ ಹೇಳಿಕೊಳ್ಳುತ್ತಾ ಅಲ್ಲೇ ನಿಂತೆ. ಫೋಟೋ ತೊಳೆಸಿದರೆ ಅದರ ತುಂಬಾ ನನ್ನ ಬೆನ್ನು!

ಅವರು ಬೈಯಲಿಲ್ಲ. "ಇನ್ನು ನಿನ್ನ ಪೂಜೆಗೆ ಅಡ್ಡ ಬರಲ್ಲ ಬಿಡು" ಅಂದು ಕ್ಯಾಮೆರಾವನ್ನು ಬೀರುವಿನಲ್ಲಿಟ್ಟರು. ಆಮೇಲೆ ಎರಡು ಸಲ ಜೋರಾಗಿ ಮಿಂಚಿದಾಗಲೂ ಪೇಪರಿನಿಂದ ತಲೆ ಎತ್ತಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅತ್ತಿಗೆ. ತುಳಸಿ ಕುಂಡವನ್ನು ಅಡುಗೆಮನೆ ಕಿಟಕಿಗೆ ಸಾಗಿಸಿದ್ದೇನೆ. ಆದರೂ ಕ್ಯಾಮೆರಾ ಬೀರುವಿನಲ್ಲೇ ಇದೆ. ಅಕ್ಕನ ಮಾತು ಅವರು ಮೀರುವುದಿಲ್ಲ, ಕ್ಯಾಮೆರಾ ಮತ್ತೆ ಹೊರಗೆ ತೆಗೆಯಲು ನೀವೇ ಎರಡು ಸಾಲು ಬರೆದು ಹೇಳಿ. ಜೂನ್ ಬಂದರೆ ಬರೀ ಮಳೆ, ಇಂಥ ಮಿಂಚಿಗೆ ಮತ್ತೆ ಒಂದು ವರ್ಷ ಕಾಯಬೇಕಂತೆ.

ಜಾಗ ಮುಗಿಯಿತು.
ನಾಗವೇಣಿ