ಪಾಚಿ ಓದುವವಳಿಗೆ ಬಂದ ಪೊಟ್ಟಣ

ಕಾರವಾರ
ಫೆಬ್ರವರಿ ೧೧, ೨೦೨೪

ಅವ್ವಾ,

ನಿನ್ನ ಕಾಲಿಗೆ ನಮಸ್ಕಾರ ಮಾಡಿ ಶುರು ಮಾಡಬೇಕು, ಗೊತ್ತು. ಇವತ್ತು ಮನಸ್ಸು ಒಪ್ಪುತ್ತಿಲ್ಲ. ಆರಾಮಿದ್ದೇನೆ ಅಂತಲೂ ಬರೆಯಲಾರೆ. ನಿನ್ನೆ ಮಧ್ಯಾಹ್ನದಿಂದ ಊಟಕ್ಕೆ ಕೂತಿಲ್ಲ.

ನಿನ್ನ ಅಣ್ಣ, ನಮ್ಮ ಪಾಲಣ್ಣ ಮಾವ, ಕೂಡ್ಲಿಗಿಯಿಂದ ಕೊರಿಯರ್ ಮಾಡಿದ ಪೊಟ್ಟಣ ಬಂತು. ಶೇಂಗಾ ಚಟ್ನಿಪುಡಿ ಇರಬೇಕು ಅಂದುಕೊಂಡು ಲ್ಯಾಬಿನ ಗೆಳತಿ ಗೀತಾಂಜಲಿಯನ್ನೂ ಕರೆದು, ಊಟದ ಮೇಜಿನ ಮೇಲೆ ಇಟ್ಟು ಬಿಚ್ಚಿದೆ. ಒಳಗೆ ಎರಡು ಪ್ಲಾಸ್ಟಿಕ್ ಕವರು. ಒಂದರಲ್ಲಿ ಯಾರೋ ಅಗಿದು ಉಗುಳಿದ ಎಲೆ ಅಡಿಕೆ, ಬೂಷ್ಟು ಹಿಡಿದು ನಾರುತ್ತಿತ್ತು. ಇನ್ನೊಂದರಲ್ಲಿ ಕೂದಲಿನ ಉಂಡೆ. ಥೂ. ಗೀತಾಂಜಲಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಹೊರಗೆ ಓಡಿದಳು. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ ಹೇಳು. ಲ್ಯಾಬಿಗೆ ಬರುವಷ್ಟರಲ್ಲಿ ಬರ್ಫ ಕರಗಿ, ಕೊಳೆತು ಲೋಳೆಯಾದ ಪಾಚಿಯನ್ನು ತೊಳೆದು, ಕೈ ಒರೆಸಿಕೊಂಡು ಊಟಕ್ಕೆ ಕೂತವಳು ನಾನು. ಅಂಥವಳೂ ಊಟದ ಡಬ್ಬಿ ಮುಚ್ಚಿಟ್ಟೆ.

ಅಷ್ಟರಲ್ಲಿ ಮಾವನ ಫೋನು. ಉಗುಳಿದ್ದು ಹಲವಾಗಲಿನ ಮೌನೇಶನದಂತೆ. ನಮ್ಮ ಶಾಂತಾಳನ್ನು ಕೇಳಲು ಬಂದ ದಿನ, ಮಾವ ತಾನೇ ಎಲೆ ಮಡಿಚಿ ಕೊಟ್ಟು, ಉಗುಳಲು ಕಾಗದದ ತಟ್ಟೆಯನ್ನೂ ಹಿಡಿದನಂತೆ. ಆ ಹುಡುಗ ಹಿರಿಯರ ಮರ್ಯಾದೆ ಎಂದುಕೊಂಡು ಕೈಮುಗಿದು ಉಗುಳಿದ. ಕೂದಲು ಶಾಂತಾಳದು, ನನ್ನ ತಂಗಿಯದು. ಮೌನೇಶನ ಬೆಡಗೂ ನಮ್ಮ ಬೆಡಗೂ ಹಿಂದೆ ಒಂದೇ ಇತ್ತು, ಮುತ್ತಜ್ಜಂದಿರ ಜಗಳದಲ್ಲಿ ಒಡೆಯಿತು ಅಂತ ಮಾವನ ವಾದ. ಒಂದೇ ಬೆಡಗಾದರೆ ಒಂದೇ ಕುಲದ ಮಕ್ಕಳು, ಅಣ್ಣ ತಂಗಿ, ಮದುವೆ ಆಗಕೂಡದು. ಗುಡೇಕೋಟೆಯ ಕುಲದ ಹಿರಿಯರು ಹೌದೋ ಅಲ್ಲವೋ ಅಂತ ತಲೆ ಕೆರೆದುಕೊಂಡು ಕೂತಿದ್ದಾರೆ. ಅದಕ್ಕೆ ನಾನು ತೀರ್ಪು ಕೊಡಬೇಕಂತೆ.

"ಪಾಚಿದು ಹೇಳತಿ, ಮನಷ್ಯಾರದು ಹೇಳಾಕ ಬರಂಗಿಲ್ಲೇನು? ಎರಡೂ ಒಂದಾ ಬೆಡಗು ಅಂತ ಬರ್ದು, ಸೀಲ್ ಹೊಡ್ದು ಕಳ್ಸು. ಸಾಕು," ಅಂದ.

ಅವನ ಬುದ್ಧಿಗೆ ಏನು ಹೇಳಲಿ ಅವ್ವ. ನಮ್ಮಲ್ಲಿರುವ ಔಷಧಗಳು ಪಾಚಿಯ ಡಿಎನ್‌ಎಯನ್ನಷ್ಟೇ ಹಿಡಿಯುತ್ತವೆ. ಮನುಷ್ಯರದನ್ನು ಓದುವ ಯಂತ್ರ ಎಲ್ಲಿಟ್ಟರೂ ಅದರಲ್ಲಿ ಬೆಡಗಿನ ಹೆಸರು ಬರೆದಿರುವುದಿಲ್ಲ. ನಾನು ಓದುವುದು ಕೆಲ್ಪ್ ಎಂಬ ಕಂದು ಪಾಚಿಯನ್ನು. ತಣ್ಣನೆಯ ಕಡಲಿನಲ್ಲಿ ಆಳೆತ್ತರ ಬೆಳೆಯುತ್ತದೆ, ತುಂಡುಗಳು ಹೊರದೇಶದಿಂದ ಬರುತ್ತವೆ. ಒಂದೇ ಬಂಡೆಯ ಮೇಲೆ ಒತ್ತಾಗಿ ಬೆಳೆದ ಎರಡು, ನೋಡಲು ಅವಳಿ ಜವಳಿ. ಡಿಎನ್‌ಎ ಓದಿದರೆ ಬೇರೆ ಬೇರೆ ಪ್ರಭೇದ. ಇನ್ನೆರಡರಲ್ಲಿ ಒಂದು ಅಲೆ ಹೊಡೆಯುವ ಕಡೆ ಸೀಳುಸೀಳಾಗಿ ಬೆಳೆದದ್ದು, ಇನ್ನೊಂದು ಶಾಂತ ನೀರಿನಲ್ಲಿ ಬಾಳೆಎಲೆಯ ಹಾಗೆ ಅಗಲವಾದದ್ದು. ಹಳಬರು ಎರಡು ಹೆಸರು ಕೊಟ್ಟಿದ್ದರು, ಓದಿದರೆ ಒಂದೇ. ಹೋದ ವರ್ಷ ನಮ್ಮ ಗೈಡ್ ತಾವೇ ಹೆಸರಿಟ್ಟ ಪ್ರಭೇದ ಬೇರೆಯಲ್ಲವೆಂದು ನನ್ನ ಓದಿನಲ್ಲಿ ಗೊತ್ತಾಯಿತು. ಕೆಲವು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಹೆಸರು ಕೈಬಿಟ್ಟರು. ಉತ್ತರ ಮೊದಲೇ ಗೊತ್ತುಮಾಡಿಕೊಂಡು ಓದುವುದನ್ನು ನನಗೆ ಯಾರೂ ಕಲಿಸಿಲ್ಲ.

ಮಾವ ಇಷ್ಟೆಲ್ಲ ಒದ್ದಾಡುವುದು ಯಾಕೆಂದು ನಿನಗೂ ಗೊತ್ತು. ಈ ಸಂಬಂಧ ಮುರಿದರೆ ಸೋದರಮಾವನ ಹಕ್ಕು ಎನ್ನುತ್ತಾ ಶಾಂತಾಳನ್ನು ತನ್ನ ಮಗ ಮಾರೇಶನಿಗೆ ತಂದುಕೊಳ್ಳಬಹುದು. ರಕ್ತ ರಕ್ತ ಅಂತ ಬಡಿದುಕೊಳ್ಳುವವನಿಗೆ ಕೇಳು: ಒಡಹುಟ್ಟಿದ ತಂಗಿಯ ಮಗಳು ಶಾಂತಾಳಿಗೆ ಅವನ ಮಗ ರಕ್ತದಲ್ಲಿ ಎಷ್ಟು ಹತ್ತಿರ, ಹೊಳೆ ದಂಡೆಯ ಹಲವಾಗಲಿನ ಮೌನೇಶ ಎಷ್ಟು ಹತ್ತಿರ? ಹತ್ತಿರದವನು ಗಂಡನಾಗಬಹುದು, ದೂರದವನು ಅಣ್ಣನಾಗಬೇಕು. ಇದಕ್ಕೆ ನನ್ನ ಸೀಲು. ಹೇಸಿಗೆ ಅವ್ವ, ಬರೀ ಹೇಸಿಗೆ.

ಆಮೇಲೆ ಫೋನು ನಿನ್ನ ಕೈಗೆ ಬಂತು. ನೀನಾದರೂ ಬೈದು ಬಿಡಿಸುತ್ತೀಯ ಅಂದುಕೊಂಡೆ.

"ಹೋಗ್ಲಿ ಬಿಡವ್ವ, ಎರಡಕ್ಷರ ಬರದ್ರ ನಿನ್ ಗಂಟೇನು ಹೋಗತೈತಿ," ಅಂದೆ ನೀನು.

ಆಗ ಫೋನು ಇಟ್ಟುಬಿಟ್ಟೆ. ಈಗ ಕೇಳುತ್ತೇನೆ. ಎಲೆ ಅಡಿಕೆ ಮಾವ ಹೊಂಚು ಹಾಕಿ ಹಿಡಿದ. ಕೂದಲು ಯಾರು ಕೊಟ್ಟರು? ಮಾವ ನಮ್ಮ ಮನೆಯಲ್ಲಿ ಪಡಸಾಲೆ ದಾಟಿ ಒಳಗೆ ಬಂದವನಲ್ಲ. ಶಾಂತಾ ಇಷ್ಟು ದೊಡ್ಡವಳಾದರೂ ಎರೆದುಕೊಂಡ ದಿನ ನಿನ್ನ ಮುಂದೆಯೇ ಕೂತು ತಲೆ ಹಿಕ್ಕಿಸಿಕೊಳ್ಳುತ್ತಾಳೆ. ಹಿಕ್ಕುತ್ತಾ ಬಾಚಣಿಗೆಗೆ ಬಂದ ಕೂದಲು ತೆಗೆದಿಟ್ಟೆಯಾ? ಆಗ ಅವಳು ಏನು ಮಾತಾಡುತ್ತಿದ್ದಳು? ಮೌನೇಶನ ಸುದ್ದಿ ಹೇಳುತ್ತಿದ್ದಿರಬೇಕು. ಚಿಕ್ಕಂದಿನಲ್ಲಿ ನಾನೇ ಹೇನು ಹೆಕ್ಕಿದ ತಲೆ ಅದು. ಆ ಉಗುಳಿಗಿಂತ ಈ ಉಂಡೆ ಮುಟ್ಟುವುದೇ ನನಗೆ ಹೆಚ್ಚು ಕಷ್ಟವಾಯಿತು.

ಅಣ್ಣನ ಮಾತು ಮೀರಿ ನಿನಗೆ ಗೊತ್ತಿಲ್ಲ. ಅಪ್ಪ ತೀರಿಕೊಂಡಾಗ ಅವನೇ ನಿಂತು ನೋಡಿಕೊಂಡ, ಒಪ್ಪುತ್ತೇನೆ. ಅದಕ್ಕೆ ಮಗಳನ್ನು ಕೊಡುವುದೇ? ಎರಡೂ ಕವರುಗಳನ್ನು ಸುಟ್ಟು ಹಾಕಿದೆ. ನನ್ನಿಂದ ಯಾವ ಕಾಗದವೂ ಬರುವುದಿಲ್ಲ, ಮಾವನಿಗೆ ನಾನೇ ಹೇಳಿದ್ದೇನೆ. ಅವನು ಏನೆಂದ ಅಂತ ಇಲ್ಲಿ ಬರೆಯುವ ಹಾಗಿಲ್ಲ.

ನಿನ್ನದೇ ಹೊಟ್ಟೆಯಲ್ಲಿ ಹುಟ್ಟಿದ,
ದುರ್ಗಾ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ತಡೆದೆ. ಇದೇ ೨೬, ಸೋಮವಾರ, ಹರಪನಹಳ್ಳಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಶಾಂತಾ ಮತ್ತು ಮೌನೇಶನ ಮದುವೆ. ಸಾಕ್ಷಿಗೆ ನಾನು ಬರುತ್ತಿದ್ದೇನೆ. ನಿನಗೆ ತಿಳಿಸುವುದು ಬೇಡವೆಂದು ನಾನು ಹಟ ಹಿಡಿದೆ, ಶಾಂತಾ ಕೇಳಲಿಲ್ಲ. ನಿನ್ನೆದುರು ನಿಂತು ಹೇಳಲು ಅವಳಿಗೆ ಧೈರ್ಯವಿಲ್ಲ, ನನ್ನಿಂದ ಬರೆಸಿದ್ದಾಳೆ. ಕೂದಲು ಯಾರು ಕೊಟ್ಟರೆಂದು ಅವಳಿಗೆ ನಾನು ಹೇಳಿಲ್ಲ, ಸಾಯುವವರೆಗೂ ಹೇಳುವುದಿಲ್ಲ. ಅವ್ವ ಮಾವನಿಗೆ ಹೇಳುವುದಿಲ್ಲ, ಅವ್ವ ಬಂದೇ ಬರುತ್ತಾಳೆ ಅಂತ ಅವಳು ನಂಬಿದ್ದಾಳೆ. ನಾನು ನಂಬಿಲ್ಲ.