ನಾಣ್ಯದಂಗಡಿಯ ಕೆಮ್ಮು

ದೊಡ್ಡಕ್ಕಾ,

ಭಾವ ಹೇಳಿದ ಅಂಗಡಿಗೆ ಸೇರಿದೆ. ನಡುವೆ ಚೌಕದ ತೂತಿರುವ, ಚೀನಾದ ಹಳೇ ಕಂಚಿನ ನಾಣ್ಯಗಳನ್ನು ಮಾರುತ್ತಾರೆ. ಅದರ ಮೇಲಿನ ಅಕ್ಷರ ಓದಿ ಯಾವ ರಾಜನ ಕಾಲದ್ದೆಂದು ಯಜಮಾನರು ಹೇಳುತ್ತಾರೆ. ಮಣ್ಣಿನಲ್ಲಿ ಹೂತಿದ್ದ ಹಳೇ ಕಂಚು ಮೇಜಿಗೆ ಬಿದ್ದರೆ ಮಂಕಾಗಿ ಸದ್ದು ಮಾಡುತ್ತದೆ, ಹೊಸದು ಗಂಟೆಯಂತೆ ಮೊಳಗುತ್ತದೆ ಎಂದು ಕಲಿಸಿದವರೂ ಅವರೇ. ಆದರೆ ಗಿರಾಕಿ ನಾಣ್ಯ ಬೀಳಿಸಿದಾಗಲೆಲ್ಲ ಅವರಿಗೆ ಜೋರು ಕೆಮ್ಮು ಬರುತ್ತದೆ. ಅಂಗಡಿ ಮುಚ್ಚಿದ ಮೇಲೆ ಒಮ್ಮೆಯೂ ಇಲ್ಲ. ನನಗೆ ಅನುಮಾನ ಹತ್ತಿತು.

ಇವತ್ತು ಊಟಕ್ಕೆ ಒಳಗೆ ಹೋಗುತ್ತಾ, "ಯಾರಾದ್ರೂ ಬೀಳಿಸಿ ನೋಡಿದ್ರೆ ನೀನು ಕೆಮ್ಮು" ಎಂದರು.

"ನಂಗೆ ಕೆಮ್ಮಿಲ್ವಲ್ಲ?"

"ಕೆಲಸ ಬೇಕೋ ಬೇಡ್ವೋ?"

ಅಷ್ಟರಲ್ಲಿ ಕನ್ನಡಕದ ಗಿರಾಕಿಯೊಬ್ಬರು ಬಂದು ನಾಣ್ಯ ಬೀಳಿಸಿದರು. ನಾನು ಬಾಯಿ ಬಿಗಿಹಿಡಿದು ನಿಂತೆ. ಅದು ಗಣಗಣ ಎಂದಿತು. ಯಜಮಾನರು ತುತ್ತು ನುಂಗುತ್ತಾ ಒಳಗಿನಿಂದಲೇ ಕೆಮ್ಮಿದರು, ಆದರೆ ತಡವಾಗಿತ್ತು.

"ಇದರ ವಯಸ್ಸೆಷ್ಟಪ್ಪಾ?" ಎಂದರು ಗಿರಾಕಿ.

"ನನಗಿಂತ ಚಿಕ್ಕದು ಸಾರ್" ಎಂದೆ.

ಕೆಲಸ ಹೋಯಿತು. ಭಾವನಿಗೆ ನೀನೇ ಮೆಲ್ಲಗೆ ಹೇಳು. ಆರೋಗ್ಯ ಚೆನ್ನಾಗಿದೆ, ದುಡ್ಡು ಕಳಿಸಬೇಡ. ಎದುರಿನ ಸೈಕಲ್ ರಿಪೇರಿಯವರು ನಗುನಗುತ್ತಾ ಕೆಲಸಕ್ಕೆ ಕರೆದಿದ್ದಾರೆ. ಯಾಕಷ್ಟು ನಗುತ್ತಾರೆಂದು ನೋಡಿಕೊಂಡು ಸೇರುತ್ತೇನೆ.

ಕಾರ್ಡು ತುಂಬಿತು.

ನಿನ್ನ ತಮ್ಮ