ಮೂರನೆಯ ಕಾಲಿನ ಲೆಕ್ಕ

ಪ್ರೀತಿಯ ಬಾಬಿನ್,

ಸೂಜಿ ಎಂಬತ್ತೆರಡು. ಕೈಗವಸು ನೂರ ಅರವತ್ತನಾಲ್ಕು, ಹರಿದವು ಬೇರೆ. ಕೂದಲು ಬೋಳಿಸುವ ಬ್ಲೇಡು ಐವತ್ತು ಚಿಲ್ಲರೆ. ಚರ್ಮ ತೊಳೆಯುವ ಹಸಿರು ಸೋಪಿನ ನೀರು ಮೂರು ಬಾಟಲಿ, ಒರೆಸುವ ಕಾಗದದ ಸುರುಳಿ ಹತ್ತೊಂಬತ್ತು. ಟೀ ಲೆಕ್ಕ ಇಟ್ಟಿಲ್ಲ. ಮೂರ್ಛೆ ಹೋದ ಗಾರೆ ಮೇಸ್ತ್ರಿಯೊಬ್ಬರು ಬೀಳುವಾಗ ತಮ್ಮ ಜೊತೆಗೇ ಕರೆದುಕೊಂಡು ಹೋದ ಹೂಕುಂಡ ಒಂದು. ಇಪ್ಪತ್ತನಾಲ್ಕು ಬಣ್ಣದ ಪೆನ್ನುಗಳ ಡಬ್ಬಿ ಒಂದು. ಅದನ್ನು ಲಂಚದ ಬಾಬ್ತಿಗೆ ಬರೆದಿದ್ದೇನೆ, ಯಾಕೆಂದು ಮುಂದೆ ಹೇಳುತ್ತೇನೆ. ಮತ್ತೆ ನನ್ನ ಎಡಗೈ ಮೇಲೆ ಒಂದೂವರೆ ಅಂಗುಲ ಜಾಗ.

ನೀನು ಕೇಳಿದ್ದಕ್ಕೆ ಇದು ಉತ್ತರ. ನಿನ್ನ ಕಾಗದ ಮೊನ್ನೆ ಬಂತು. "ಮುಂದಿನ ತಿಂಗಳು ನಂಗೆ ಹದಿನೆಂಟು ತುಂಬುತ್ತೆ ಮಾವ. ಎಂಟು ವರ್ಷದವಳು ಮಾಡಿದ ಹಟ ನೆನೆಸ್ಕೊಂಡ್ರೆ ಈಗ ನಾಚಿಕೆ ಆಗುತ್ತೆ. ಅಷ್ಟು ಜನಕ್ಕೆ ಎರಡೆರಡು ಸಲ ಚುಚ್ಚಿಸ್ಬಿಟ್ಟೆ. ಒಟ್ಟು ಎಷ್ಟು ಖರ್ಚಾಯ್ತು ಹೇಳಿ. ಎಲ್ಲರ ಹತ್ರ ನನ್ನ ಪರವಾಗಿ ಕ್ಷಮೆ ಕೇಳಿ" ಎಂದು ಬರೆದಿದ್ದೀಯ. ಖರ್ಚು ಹೇಳಿದ್ದಾಯಿತು. ಕ್ಷಮೆಯ ವಿಷಯದಲ್ಲಿ ಮಾತ್ರ ನಿನ್ನ ಲೆಕ್ಕ ತಪ್ಪಿದೆ. ಅದನ್ನು ತಿದ್ದಲು ಹತ್ತು ವರ್ಷದಿಂದ ಒಂದು ನೆಪ ಹುಡುಕುತ್ತಿದ್ದೆ. ನೀನೇ ಕೊಟ್ಟೆ.

ನೀವು ಊರು ಬಿಟ್ಟು ಆರು ವರ್ಷವಾದರೂ ನಮ್ಮ ಅಂಗಡಿ ನಿನಗೆ ನೆನಪಿರಬೇಕು. ನಿನ್ನಮ್ಮನ ಹೊಲಿಗೆ ಅಂಗಡಿಗೂ ನಮ್ಮ ಹಚ್ಚೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಒಂದು ಸೂಜಿ ಬಟ್ಟೆಯ ಮೇಲೆ ಓಡುತ್ತಿತ್ತು, ಈ ಕಡೆ ಇನ್ನೊಂದು ಚರ್ಮದ ಮೇಲೆ. ನೀನು ನೂಲಿನ ಬಾಬಿನ್ ಉರುಳಿಸಿಕೊಂಡು ಎರಡೂ ಕಡೆ ಓಡಾಡುತ್ತಿದ್ದೆ. ಹಾಗಾಗಿ ಆ ಹೆಸರು. ಹಚ್ಚೆ ಹಾಕುವವಳು ನನ್ನ ತಂಗಿ, ನಿನ್ನ ಸೂಜಿ ಚಿಕ್ಕಮ್ಮ. ನಾನು ಬಾಗಿಲ ಬಳಿಯ ಮೇಜಿನವನು. ಕೈ ಅವಳದು, ಬಾಯಿ ನನ್ನದು. ಬಸ್‌ಸ್ಟ್ಯಾಂಡಿನಲ್ಲಿ ಬೇಸಿಗೆಯಲ್ಲೂ ಕೊಡೆ ಮಾರಿ ಪಳಗಿದ ಬಾಯಿ. ಗೋಡೆಯ ಮೇಲಿನ ನಿಯಮಗಳನ್ನು ಬರೆದವನೂ ನಾನೇ. ಕುಡಿದು ಬಂದವರಿಗೆ ಹಾಕುವುದಿಲ್ಲ. ಹದಿನೆಂಟು ತುಂಬದವರಿಗೆ ಹಾಕುವುದಿಲ್ಲ. ಒಂದು ವರ್ಷ ತುಂಬದ ಪ್ರೀತಿಯ ಹೆಸರನ್ನಂತೂ ಹಾಕುವುದೇ ಇಲ್ಲ.

ಹಾಗಿದ್ದೂ ಆಗ ನನ್ನ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಗಿರಾಕಿಗಳು ಕೇಳಿದರೆ, "ಮಿಠಾಯಿ ಮಾರೋನು ಮಿಠಾಯಿ ತಿಂತಾ ಕೂತರೆ ಅಂಗಡಿ ಉಳಿಯುತ್ತೇನ್ರೀ?" ಎಂದು ನಗಿಸಿ ಕಳಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಸೂಜಿ ಕಂಡರೆ ನಾನು ಮುಖ ಆಚೆ ತಿರುಗಿಸುತ್ತೇನೆ.

ನಿನ್ನ ಎಡಗಾಲಿನ ಮೂಳೆಗೆ ಸೋಂಕು ತಗುಲಿ ನೀನು ಮಕ್ಕಳ ವಾರ್ಡ್ ಸೇರಿದೆ. ಹನ್ನೊಂದು ವಾರ. ನಿನಗೆ ಮಂಚವಿತ್ತು. ನಿನ್ನಮ್ಮ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರು ಇಟ್ಟುಕೊಂಡು ನಡುವೆ ಜೋತುಬಿದ್ದು ಮಲಗುತ್ತಿದ್ದರು. ನೋಡಿ ಬಂದ ತಂಗಿ ಕೈಚೀಲವನ್ನೂ ಇಳಿಸದೆ ನನ್ನ ಮೇಜಿನ ಮುಂದೆ ನಿಂತಳು. "ಅಣ್ಣಾ, ಆ ವಾರ್ಡಲ್ಲಿ ಹದಿನಾಲ್ಕು ಮಕ್ಕಳಿಗೆ ಹದಿನಾಲ್ಕು ಮಂಚ ಇದೆ. ಹದಿನಾಲ್ಕು ಅಮ್ಮಂದಿರ ಬೆನ್ನಿಗೆ ಏನೂ ಇಲ್ಲ. ನಾವು ಒಂದು ಭಾನುವಾರ ಬಿಡೋಣ."

ಭಾನುವಾರ ಬಿಡುವುದು ಎಂದರೇನೆಂದು ನಮ್ಮ ಕಸುಬಿನವರಿಗೆ ಗೊತ್ತು. ಆ ದಿನ ಗೋಡೆಯ ಮೇಲೆ ಒಂದೇ ಚಿತ್ರ, ಒಂದೇ ದರ. ಚೌಕಾಶಿ ಇಲ್ಲ, ಬದಲಾವಣೆ ಇಲ್ಲ. ಬಂದದ್ದೆಲ್ಲ ಒಂದು ಒಳ್ಳೆಯ ಕೆಲಸಕ್ಕೆ. ಬೀದಿನಾಯಿಗಳಿಗೆ, ಮನೆ ಸುಟ್ಟುಹೋದವರಿಗೆ ಎಂದು ಬೇರೆ ಅಂಗಡಿಗಳವರು ಮಾಡಿದ್ದನ್ನು ಕೇಳಿದ್ದೆ. ಭಾನುವಾರ ನಮ್ಮ ವಾರದ ಅರ್ಧ ವ್ಯಾಪಾರ, ಮನಸ್ಸಿನಲ್ಲೇ ನಷ್ಟದ ಲೆಕ್ಕ ಹಾಕಿದೆ. ಆಮೇಲೆ, ಹೊಸಬರು ನಾಲ್ಕು ಜನ ಅಂಗಡಿ ನೋಡಿದ ಹಾಗಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನಾನು ಒಳ್ಳೆಯ ಕೆಲಸಕ್ಕೆ ಇಳಿಯುವುದು ಯಾವಾಗಲೂ ಇಂಥ ಹಿಂಬಾಗಿಲಿನಿಂದಲೇ.

ಚಿತ್ರ ನಿನ್ನದೇ ಇರಲಿ ಎಂದವಳು ತಂಗಿ. ನೀನು ಔಷಧದ ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಬಿಡಿಸಿಕೊಟ್ಟೆ. ಗುಂಡು ಹೊಟ್ಟೆಯ ಹಕ್ಕಿ, ಬಾಚಣಿಗೆಯಂಥ ಬಾಲ, ಮುಖಕ್ಕಿಂತ ದೊಡ್ಡ ಕಣ್ಣು. ಕೆಳಗೆ ಮೂರು ಕಾಲು.

ಗೋಡೆಗೆ ಏರುವಷ್ಟರಲ್ಲಿ ಕಾಲು ಎರಡಾಗಿತ್ತು. ಗಿರಾಕಿಗಳು ತರುವ ವಕ್ರ ಗೆರೆಯನ್ನು ನೆಟ್ಟಗೆ ಮಾಡಿಕೊಡುವುದೇ ನಮ್ಮ ಕಸುಬು. ಸುಧಾರಿಸದೆ ಹಾಕಿದರೆ ನಮಗೇ ಅವಮಾನ. ಹಾಗೆ ಸುಧಾರಿಸುವಾಗ ಒಂದು ಕಾಲು ಹೋಯಿತು. ಹೇಗೆ ಹೋಯಿತೆಂದು ಕೊನೆಯಲ್ಲಿ ಬರೆಯುತ್ತೇನೆ. ಇಲ್ಲೇ ಬರೆದರೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ.

ಆ ಭಾನುವಾರ ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ತಂಗಿ ಹೆಬ್ಬೆರಳಿನ ಗಾತ್ರದ ನಲವತ್ತೊಂದು ಹಕ್ಕಿ ಹಾಕಿದಳು. ಬೆನ್ನು ನೆಟ್ಟಗೆ ಮಾಡಿದ್ದು ಎರಡೇ ಸಲ. ಸಿಮೆಂಟ್ ಮೂಟೆ ಹೊರುವ ಮೇಸ್ತ್ರಿ, ಸೂಜಿ ತಾಗುವ ಮುಂಚೆಯೇ, ಯಂತ್ರದ ಗುಂಯ್ ಸದ್ದಿಗೇ ಉರುಳಿದರು. ಎಪ್ಪತ್ತೆರಡರ ನಿವೃತ್ತ ಹೆಡ್‌ಮೇಡಂ ಮಣಿಕಟ್ಟು ಚಾಚಿ ಕೂತು, "ಮೂವತ್ತು ವರ್ಷ ಮಕ್ಕಳ ಕೈಮೇಲಿನ ಶಾಯಿ ಉಜ್ಜಿ ತೊಳೆಸಿದೀನಿ. ಅವರ ಶಾಪ ಈಗ ತಟ್ತಾ ಇದೆ" ಎಂದರು. ಪಕ್ಕದ ಗೋದಾಮಿಗೆ ಸರಕು ಇಳಿಸಲು ಬಂದಿದ್ದ ಲಾರಿ ಚಾಲಕರೊಬ್ಬರು ಬಾಗಿಲಿನಿಂದ ಇಣುಕಿ, "ಏನಿದು ಸಾಲು?" ಎಂದರು. ವಾರ್ಡಿನ ಅಮ್ಮಂದಿರಿಗೆ ಮಂಚ ಎಂದೆ. "ಹಾಗಾದ್ರೆ ನಂಗೂ ಒಂದು ಹಾಕಮ್ಮ. ಕಿಟಕಿ ಕಡೆ ಇರೋ ಕೈಗೆ ಹಾಕು, ಗಾಳಿ ಆಡ್ಲಿ ಹಕ್ಕಿಗೆ" ಎಂದು ಕೂತರು. ನಲವತ್ತೊಂದನೆಯವರು ಅವರೇ.

ನಾನು ಪ್ರತಿಯೊಂದಕ್ಕೂ ಫೋಟೊ ತೆಗೆದು ಆಲ್ಬಮ್ ಮಾಡಿಸಿದೆ. ಮಂಗಳವಾರ ತಂದು ನಿನ್ನ ಮಡಿಲಲ್ಲಿ ಇಟ್ಟೆವು. ಬುಧವಾರ ನಿನ್ನ ಮೂರನೆಯ ಆಪರೇಷನ್. ನೀನು ಕುಣಿದಾಡುತ್ತೀಯ ಎಂದುಕೊಂಡಿದ್ದೆ. ನೀನು ಮೊದಲ ಪುಟ ನೋಡಿದೆ, ಎರಡನೆಯದು ನೋಡಿದೆ, ಆಮೇಲೆ ಬೇಗಬೇಗ ತಿರುವಿದೆ. ಕೊನೆಗೆ, "ಇನ್ನೊಂದು ಕಾಲು ಯಾರು ತೆಗೆದ್ರು?" ಎಂದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ಹೇಳಿದಳು. "ನಾನೇ ಕಂದಾ. ಪೆನ್ಸಿಲ್ ಜಾರಿದೆ ಅಂದ್ಕೊಂಡೆ."

ನೀನು ಹೊದಿಕೆ ಎಳೆದು ಮುಖ ಮುಚ್ಚಿಕೊಂಡೆ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬಾಬಿನ್, ಹಕ್ಕಿಗೆ ಎರಡೇ ಕಾಲು ಕಣಮ್ಮ. ಬೇಕಾದ್ರೆ ಯಾವ ಹಕ್ಕೀನಾದ್ರೂ ಕೇಳು" ಎಂದೆ. ಹೊದಿಕೆ ಅಲುಗಲಿಲ್ಲ. ಕೆಳಗಿನ ಅಂಗಡಿಗೆ ಓಡಿ ಆ ಇಪ್ಪತ್ತನಾಲ್ಕು ಪೆನ್ನಿನ ಡಬ್ಬಿ ತಂದು ತಲೆದಿಂಬಿನ ಮೇಲೆ ಇಟ್ಟೆ. "ಎರಡು ಕಾಲಲ್ಲೂ ಚೆನ್ನಾಗಿದೆ ಅಂತ ಒಂದ್ಸಲ ಹೇಳ್ಬಿಡು, ಇದು ನಿಂದೇ" ಎಂದೆ. ಎಂಟು ವರ್ಷದ ಮಗುವಿಗೆ ಲಂಚ ಕೊಡಲು ಹೋದವನು ನಾನು.

ಹೊದಿಕೆಯ ಒಳಗಿನಿಂದ ನೀನು ಕೇಳಿದೆ. "ಒಂದು ತೆಗೆದುಬಿಟ್ರೆ ಮಾವ? ಅದಕ್ಕೇ ಒಂದು ಹೆಚ್ಚಿಗೆ ಇಟ್ಟಿದ್ದೆ."

ಮೆಟ್ಟಿಲ ಬಳಿ ನಿನ್ನಮ್ಮ ಹೇಳಿದರು. ಈ ಸಲದ ಆಪರೇಷನ್ ಕೈಕೊಟ್ಟರೆ ಕಾಲು ಉಳಿಸುವುದು ಕಷ್ಟ ಎಂದು ವೈದ್ಯೆ ನಿನ್ನ ಮಂಚದ ಪಕ್ಕದಲ್ಲೇ ಹೇಳಿದ್ದರಂತೆ. ನೀನು ಕಣ್ಣು ಮುಚ್ಚಿದ್ದೆಯಂತೆ. ನಿದ್ದೆ ಮಾಡಿದ್ದೀಯ ಎಂದು ಎಲ್ಲರೂ ನಂಬಿದ್ದರು.

ನಾನು ಮರಳಿ ಬಂದು ಮಾತು ಕೊಟ್ಟೆ. "ಎಲ್ಲರಿಗೂ ಕಾಲು ಹಾಕಿಸ್ತೀನಿ."

"ನಲವತ್ತೊಂದೂ?"

"ನಲವತ್ತೊಂದೂ."

"ಲೆಕ್ಕ ತೋರಿಸ್ಬೇಕು."

ಲೆಕ್ಕ ತೋರಿಸು ಎಂದು ನನ್ನನ್ನು ಕೇಳಿದ ಮೊದಲ ವ್ಯಕ್ತಿ ನೀನು.

ಹೊಸ ಹಚ್ಚೆಯ ಮೇಲೆ ಮತ್ತೆ ಸೂಜಿ ಇಡಬೇಕಾದರೆ ನಾಲ್ಕು ವಾರ ಬಿಡಬೇಕು, ಚರ್ಮ ಮಾಯಬೇಕು. ಆಪರೇಷನ್ ಮುಗಿದಿತ್ತು, ಕಾಲು ಏನಾಗುತ್ತದೆಂದು ಹೇಳಲು ವೈದ್ಯೆಯೂ ಸಮಯ ಕೇಳಿದ್ದರು. ಹಕ್ಕಿಗಳು ಮಾಯುವುದಕ್ಕೂ ನಿನ್ನ ಗಾಯ ಮಾಯುವುದಕ್ಕೂ ಒಟ್ಟಿಗೇ ಕಾದೆವು. ಆ ನಾಲ್ಕು ವಾರ ನಾನು ಫೋನು ಹಿಡಿದು ಕೂತೆ. "ನಮಸ್ಕಾರ, ನಿಮ್ಮ ಹಕ್ಕಿಯ ಒಂದು ಕಾಲು ನಮ್ಮಲ್ಲೇ ಉಳಿದುಬಿಟ್ಟಿದೆ" ಎಂದು ಶುರುಮಾಡುತ್ತಿದ್ದೆ. ಇಬ್ಬರು ಫೋನಿಟ್ಟರು, ಮತ್ತೆ ಮಾಡಿದೆ. ಕಾರಣ ಹೇಳಿದ ಮೇಲೆ ಒಬ್ಬರೂ ಒಲ್ಲೆ ಎನ್ನಲಿಲ್ಲ. ಹೆಡ್‌ಮೇಡಂ, "ಅಂದ್ರೆ ಮಗು ಬರೆದಿದ್ದು ಸರಿ ಇತ್ತು, ನೀವು ತಿದ್ದಿ ತಪ್ಪು ಮಾಡಿದ್ರಿ. ಬೆಂಚ್ ಮೇಲೆ ನಿಂತ್ಕೊಳ್ಳಿ, ಬರ್ತೀನಿ" ಎಂದರು. ಮೇಸ್ತ್ರಿ ಒಡೆದದ್ದಕ್ಕೆ ಬದಲಾಗಿ ಹೊಸ ಹೂಕುಂಡ ತಂದರು. ಅದನ್ನು ದೂರ ಇಡಿಸಿ, ತಾವೇ ನೆಲದ ಮೇಲೆ ಮಲಗಿ, "ಇನ್ನು ಬೀಳೋಕೆ ಜಾಗ ಇಲ್ಲ, ಹಾಕಮ್ಮ" ಎಂದರು. "ಮೂರು ಸಾಕಾ, ಮುಂದಿನ ತಿಂಗಳು ನಾಲ್ಕನೇದೂ ಇದೆಯಾ?" ಎಂದು ಕೇಳಿದವರು ನಿನ್ನ ವಾರ್ಡಿನ ನರ್ಸ್.

ನಲವತ್ತು ಜನ ಬಂದರು. ಲಾರಿಯವರು ಬರಲಿಲ್ಲ. ಅವರು ಬರೆಸಿದ ನಂಬರು ಬಳಕೆಯಲ್ಲಿರಲಿಲ್ಲ. ಗೋದಾಮಿನಲ್ಲಿ ಕೇಳಿದರೆ, ಆ ಬಾಡಿಗೆ ಲಾರಿ ಮತ್ತೆ ಈ ಕಡೆ ಬಂದಿಲ್ಲ ಎಂದರು.

ನಾನೇನು ಮಾಡಿದೆ ಗೊತ್ತೇ? ಹೆಡ್‌ಮೇಡಂ ಮಣಿಕಟ್ಟನ್ನು ಇನ್ನೊಂದು ಮಗ್ಗುಲಿನಿಂದ ಮತ್ತೊಮ್ಮೆ ತೆಗೆದು ನಲವತ್ತೊಂದು ಫೋಟೊ ಮಾಡಿದೆ. ನೀನು ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದೆ, ಮುಖ ಕಾಗದದಂತೆ ಬಿಳಿಚಿತ್ತು. ಆದರೂ ಬೆರಳಿಟ್ಟು ಒಂದೊಂದೇ ಎಣಿಸಿದೆ. ಕೊನೆಯ ಫೋಟೊದ ಮೇಲೆ ಬೆರಳು ನಿಂತಿತು. "ಈ ಮಚ್ಚೆ ಆಗ್ಲೇ ಬಂತು ಮಾವ." ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಯಾರ ಕೈಗೂ ಸಿಗದವನು ನಿನ್ನ ಕೈಗೆ ಸಿಕ್ಕಿಬಿದ್ದೆ.

ಲಾರಿಯವರ ವಿಷಯ ಹೇಳಿದೆ. ನೀನು ಬಹಳ ಯೋಚಿಸಿದೆ. "ಹಾಗಿದ್ರೆ ಆ ಕಾಲು ನೀವೇ ಇಟ್ಕೊಂಡಿರಿ. ಅವ್ರು ಬಂದಾಗ ಕೊಡಿ."

ಆ ದಿನವೇ ಅಂಗಡಿಗೆ ಮರಳಿ, ಹಚ್ಚೆ ಹಾಕಿಸಿಕೊಳ್ಳುವವರ ಕುರ್ಚಿಯಲ್ಲಿ ನಾನು ಕೂತೆ. ಎಡ ಮುಂಗೈ ಮೇಲೆ ಒಂದು ಗೆರೆ, ತುದಿಗೆ ಮೂರು ಬೆರಳು. ಹಕ್ಕಿ ಇಲ್ಲ, ಬರೀ ಕಾಲು. ಎರಡು ನಿಮಿಷದ ಕೆಲಸ. ಕಣ್ಣು ಮುಚ್ಚಿ ಹದಿನೇಳರ ಮಗ್ಗಿ ಹೇಳಿಕೊಂಡೆ, ಹದಿನೇಳು ಆರಲ ಹತ್ತಿರ ತಪ್ಪಿತು. ತಂಗಿ ನಗಲಿಲ್ಲ. ಒರೆಸಿ, ಪಟ್ಟಿ ಅಂಟಿಸಿ, "ಸರಿಯಾದ ಜಾಗಕ್ಕೇ ಬಂತು ಅಣ್ಣ" ಎಂದಷ್ಟೇ ಅಂದಳು.

ಅವಳು ಯಾಕೆ ಹಾಗಂದಳೆಂದು ಈಗ ಹೇಳುತ್ತೇನೆ. ಆ ಮೊದಲ ಭಾನುವಾರಕ್ಕೆ ಎರಡು ದಿನ ಮುಂಚೆ ಅವಳು ನಿನ್ನ ಚೀಟಿ ಹಿಡಿದು ನನ್ನ ಮೇಜಿಗೆ ಬಂದಿದ್ದಳು. "ಅಣ್ಣಾ, ಇದು ಕಾಲಾ, ಪೆನ್ಸಿಲ್ ಜಾರಿದ್ದಾ? ಮಗೂನ ಒಂದ್ಮಾತು ಕೇಳ್ಕೊಂಡು ಬರ್ಲಾ?" ಎಂದಿದ್ದಳು. ನಾನು ಸೂಜಿಯ ಪೊಟ್ಟಣ ಎಣಿಸುತ್ತಿದ್ದೆ. ತಲೆ ಎತ್ತಲಿಲ್ಲ. "ಮೂರು ಕಾಲಿನ ಹಕ್ಕಿ ಯಾರು ಹಾಕಿಸ್ಕೊಳ್ತಾರೆ? ತೆಗೆದುಹಾಕು" ಎಂದೆ. ನಿನ್ನ ಮಂಚದ ಪಕ್ಕದಲ್ಲಿ ಅವಳು ಅದನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ನನ್ನ ಬಾಯಿ, ಎಲ್ಲಕ್ಕೂ ಮುಂದೆ ಬರುವ ಬಾಯಿ, ಅಲ್ಲಿ ಮುಚ್ಚಿಕೊಂಡಿತು. ಹತ್ತು ವರ್ಷದಲ್ಲಿ ಅವಳು ಒಂದು ಸಲವೂ ಎತ್ತಿ ಆಡಿಲ್ಲ. ನೀನು ಚಿಕ್ಕಮ್ಮನ ಮೇಲೆ ಎರಡು ದಿನ ಮುನಿಸಿಕೊಂಡಿದ್ದೆಯಲ್ಲ, ಆ ಮುನಿಸು ನನಗೆ ಸೇರಬೇಕಾದದ್ದು. ಈಗಲಾದರೂ ಕೊಡು, ತೆಗೆದುಕೊಳ್ಳುತ್ತೇನೆ.

ಮೂರನೆಯ ಕಾಲಿನಿಂದ ನಿನ್ನ ಕಾಲು ಉಳಿಯಿತು ಎಂದು ನಾನು ಹೇಳುವವನಲ್ಲ. ಉಳಿಸಿದ್ದು ಆ ವೈದ್ಯೆ, ಮತ್ತೆ ಅವರ ಔಷಧ. ಆದರೆ ಒಂಬತ್ತನೆಯ ವಾರ, ನೋವು ತಡೆಯಲಾರದೆ ನೀನು ಆಲ್ಬಮ್ ತೆಗೆಸಿ ಮತ್ತೆ ಮತ್ತೆ ಎಣಿಸುತ್ತಿದ್ದೆ ಎಂದು ನಿನ್ನಮ್ಮ ಹೇಳಿದರು. ಅಷ್ಟು ಮಾತ್ರ ನನಗೆ ಗೊತ್ತಿರುವುದು.

ಆದ್ದರಿಂದ ನಾಚಿಕೆಪಡಬೇಡ. ಹಟ ಮಾಡಿದ್ದು ನೀನಲ್ಲ, ನಾವು. ಗಿರಾಕಿಗಳು ಈಗಲೂ ನನ್ನ ತೋಳು ನೋಡಿ, "ಇದೇನ್ರೀ, ಬಾಣವಾ?" ಎನ್ನುತ್ತಾರೆ. "ಕಾಲು" ಎನ್ನುತ್ತೇನೆ. "ಯಾರದು?" "ಒಬ್ಬ ಲಾರಿಯವರದು. ಬಂದರೆ ಕೊಡಬೇಕು." ಅಂಗಡಿಯ ಮುಂದೆ ಲಾರಿ ನಿಂತಾಗಲೆಲ್ಲ ಕಿಟಕಿ ಕಡೆಯ ಕೈ ನೋಡುವುದು ಅಭ್ಯಾಸವಾಗಿದೆ.

ಹದಿನೆಂಟು ತುಂಬಿದ ಮೇಲೆ ಬಾ. ಹಚ್ಚೆ ಹಾಕಿಸಿಕೊಳ್ಳಲೇಬೇಕೆಂದಿಲ್ಲ, ಖಾಲಿ ಚರ್ಮಕ್ಕೂ ನಮ್ಮ ಅಂಗಡಿಯಲ್ಲಿ ಮರ್ಯಾದೆ ಇದೆ. ಸ್ವಲ್ಪ ಗಿಡ್ಡವಾಗಿ ಉಳಿದ ಎಡಗಾಲಿಗೆಂದು ಮಾಡಿಸಿದ ನಿನ್ನ ಚಪ್ಪಲಿಯ ದಪ್ಪ ಅಟ್ಟೆ ನಮ್ಮ ಮೆಟ್ಟಿಲ ಮೇಲೆ ಸದ್ದು ಮಾಡಿದರೆ ಸಾಕು, ಇಬ್ಬರೂ ಎದ್ದು ಬರುತ್ತೇವೆ. ನಡೆದಷ್ಟು ದಾರಿ ನಿನಗೆ ಸಿಗಲಿ. ಯಾರೂ ನಿನ್ನನ್ನು ಕೇಳದೆ ನಿನ್ನ ಗೆರೆ ತಿದ್ದದಿರಲಿ.

ಇಂತಿ,
ಕಾಲು ತೆಗೆಸಿದ, ಈಗ ಕಾಲು ಕಾಯುತ್ತಿರುವ
ನಿನ್ನ ಮಾವ

ಒಟ್ಟು ಹೀಗಿದೆ. ವಾರ್ಡಿಗೆ ಮಡಚುವ ಮಂಚ ಹದಿನಾಲ್ಕು. ನಿನ್ನಮ್ಮನ ಬೆನ್ನಿಗೆ ಅದರಲ್ಲಿ ಒಂದು, ಕೊನೆಯ ಎರಡು ವಾರ. ಅಂಗಡಿಗೆ ಹೊಸ ಹೂಕುಂಡ ಒಂದು. ನಲವತ್ತು ಹಕ್ಕಿಗಳಿಗೆ ಮೂರು ಮೂರು ಕಾಲು. ಲಾರಿಯವರ ಹಕ್ಕಿಗೆ ಎರಡು. ನನಗೆ ಒಂದು, ಹಕ್ಕಿಯಿಲ್ಲದೆ. ನಿನಗೆ ಎರಡು, ಎರಡೂ ನಿನ್ನವೇ.